ಒಂದು ಮೊಳ ಕಡಿಮೆ

ಚಿಕ್ಕಪ್ಪನ ಕೆಲಸ ಏನೆಂದು ನಮ್ಮ ಬೀದಿಯಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎದುರುಮನೆಯ ಟೈಲರ್ ಪ್ರಕಾರ ಅವರು ತೊಂಬತ್ತಾರು ಚಕ್ರದ ಗಾಡಿಯನ್ನು ಒಂದೇ ಕೈಯಲ್ಲಿ ಓಡಿಸುವ ಶೂರ. ಮೂಲೆಮನೆಯ ನಿವೃತ್ತ ಮೇಷ್ಟ್ರ ಪ್ರಕಾರ ಸಾರಿಗೆ ಇಲಾಖೆಯ ಮೇಲಧಿಕಾರಿ. ಚಿಕ್ಕಪ್ಪ ಇವೆರಡನ್ನೂ ಒಪ್ಪಿದವರಲ್ಲ, ಅಲ್ಲಗಳೆದವರೂ ಅಲ್ಲ, ಸುಮ್ಮನೆ ಮುಗುಳ್ನಗುತ್ತಾರೆ. ಚಿಕ್ಕಮ್ಮ ಮಾತ್ರ, "ಅಯ್ಯೋ, ನಮ್ಮನೆಯವರು ಕೋಲು ಹಿಡ್ಕೊಂಡು ಗಾಡಿ ಮುಂದೆ ಹೋಗೋರು ಕಣ್ರೀ" ಎಂದು ನಲ್ಲಿಯ ಬಳಿ ಸತ್ಯವನ್ನು ನೀರಿಗಿಂತ ಧಾರಾಳವಾಗಿ ಹಂಚುತ್ತಾರೆ.

ಸತ್ಯ ಚಿಕ್ಕಮ್ಮನ ಕಡೆಗೇ ಇದೆ. ವಿದ್ಯುತ್ ಕೇಂದ್ರಗಳಿಗೆ, ಕಾರ್ಖಾನೆಗಳಿಗೆ ಹೋಗುವ ಯಂತ್ರಗಳಲ್ಲಿ ಕೆಲವು ಒಂದು ಮನೆಯಷ್ಟು ದೊಡ್ಡವು. ಅವನ್ನು ಹೊರುವ ಟ್ರೇಲರ್ ನಮ್ಮ ಬೀದಿಗಿಂತ ಉದ್ದ, ಸೋಮಾರಿ ಎತ್ತಿಗಿಂತ ನಿಧಾನ. ಅದರ ಮುಂದೆ ಸ್ವಲ್ಪ ದೂರದಲ್ಲಿ ಕೆಂಪು ಬಾವುಟ ಕಟ್ಟಿದ ಜೀಪೊಂದು ಹೋಗುತ್ತದೆ. ಜೀಪಿನ ಮೂತಿಯ ಮೇಲೆ ಬಿದಿರಿನ ಕೋಲೊಂದು ನೆಟ್ಟಗೆ ನಿಂತಿರುತ್ತದೆ. ಅದರ ತುದಿ ಹಿಂದೆ ಬರುವ ಹೊರೆಗಿಂತ ಸರಿಯಾಗಿ ಅರ್ಧ ಅಡಿ ಎತ್ತರ. ತುದಿಯಲ್ಲಿ ಹಿತ್ತಾಳೆ ಗಂಟೆ. ವೈರೋ ಕೊಂಬೆಯೋ ಸೇತುವೆಯೋ ತಾಗಿತೆಂದರೆ ಗಂಟೆ ಠಣ್ಣೆನ್ನುತ್ತದೆ, ಚಿಕ್ಕಪ್ಪ ಕೈ ಎತ್ತುತ್ತಾರೆ, ಗಾಡಿ ನಿಲ್ಲುತ್ತದೆ, ಕವೆಗೋಲು ಹಿಡಿದ ಇಬ್ಬರು ಹೊರೆಯ ಮೇಲೆ ಹತ್ತಿ ವೈರನ್ನು ಎತ್ತಿ ದಾಟಿಸುತ್ತಾರೆ. ಗಂಟೆ ಹೊಡೆಯದಿದ್ದರೆ ದಾರಿ ಸಲೀಸು. ವಿದ್ಯೆ ಇಷ್ಟೇ. ಆದರೆ ಈ ವಿದ್ಯೆಯಲ್ಲಿ ಹತ್ತೊಂಬತ್ತು ವರ್ಷ ಕಳೆದ ಚಿಕ್ಕಪ್ಪನಿಗೆ ಅವರ ಸಾಗಣೆ ಕಂಪನಿಯವರೆಲ್ಲ ಇಟ್ಟ ಹೆಸರು ಕೋಲಣ್ಣ. "ಮನುಷ್ಯ ಸುಳ್ಳು ಹೇಳ್ತಾನೆ, ಕಾಗದ ಸುಳ್ಳು ಹೇಳುತ್ತೆ, ಕೋಲು ಹೇಳಲ್ಲ" ಎಂಬುದು ಅವರು ಊಟಕ್ಕೆ ಮುಂಚೆ ಒಮ್ಮೆ, ಊಟವಾದ ಮೇಲೆ ಒಮ್ಮೆ ಹೇಳುವ ಮಾತು.

ಈ ಕಥೆ ನಡೆದ ತಿಂಗಳು ಕಂಪನಿಗೆ ಹೊಸ ಮ್ಯಾನೇಜರ್ ಬಂದಿದ್ದರು. ಅವರು ಬಂದ ದಿನವೇ ಮೇಜಿನ ಮೇಲೆ ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ಡಬ್ಬಿಯೊಂದನ್ನು ಇಟ್ಟರಂತೆ. "ಇದು ಬೆಳಕು ಬಿಟ್ಟು ಎತ್ತರ ಅಳೆಯುತ್ತೆ. ಇದನ್ನ ಜೀಪಿಗೆ ಕೂರಿಸಿದ್ರೆ ಕೋಲೂ ಬೇಡ, ಕೋಲಣ್ಣನೂ ಬೇಡ. ಆದ್ರೂ ಹಳಬರು ಅಂತ ಒಂದು ಅವಕಾಶ ಕೊಡ್ತೀನಿ. ಈ ಸಲದ ಟ್ರಾನ್ಸ್‌ಫಾರ್ಮರ್ ಏನೂ ಹರಿಯದೆ, ಮುರಿಯದೆ ತಲುಪಬೇಕು. ಇಲ್ಲ ಅಂದ್ರೆ ನೀವು ಮನೇಲಿರಿ."

ಜೊತೆಗೆ ಒಂದು ಲಾಗ್ ಪುಸ್ತಕ ಕೊಟ್ಟರು. ದಾರಿಯಲ್ಲಿ ಏನಾದರೂ ಆದರೆ ಅದರಲ್ಲಿ ಬರೆಯಬೇಕು: ಏನಾಯಿತು, ಕಾರಣವೇನು. ಕೆಳಗೆ ಸಂಬಂಧಪಟ್ಟವರೆಲ್ಲರ ಸಹಿ. ಸಹಿಯ ಜಾಗದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: "ಮೇಲಿನದನ್ನು ಪೂರ್ತಿ ಓದಿ, ಸರಿಯೆಂದು ಒಪ್ಪಿದ್ದೇನೆ." ಪುಟಗಳಿಗೆ ನಂಬರು ಹಾಕಿತ್ತು, ಒಂದನ್ನೂ ಹರಿಯುವಂತಿರಲಿಲ್ಲ.

ಚಿಕ್ಕಪ್ಪನಿಗೆ ಬರೆಯುವುದೆಂದರೆ ಆಗದು. ನಾನು ಡಿಗ್ರಿ ಮುಗಿಸಿ, ಕೆಲಸ ಸಿಗುವವರೆಗೆಂದು ಅವರ ಮನೆಯ ಮಹಡಿ ಕೋಣೆಯಲ್ಲಿ ಇದ್ದೆ. "ನಮ್ಮ ಪುಟ್ಟಿ ದಿನಾ ಡೈರಿ ಬರೀತಾಳೆ, ಅವಳನ್ನೇ ಕರ್ಕೊಂಡು ಹೋಗ್ತೀನಿ" ಎಂದು ಅವರು ಮನೆಯಲ್ಲಿ ಸಾರಿದರು.

"ಆ ಮಗೂನ್ನಾ?" ಎಂದರು ಚಿಕ್ಕಮ್ಮ. "ಅಂಗಡಿಗೆ ಕಳ್ಸಿದ್ರೆ ಬಾಯಿ ಬಿಡೋಕೆ ನಾಚಿಕೊಂಡು ಚೀಟಿ ಕೊಟ್ಟು ಬರ್ತಾಳೆ."

"ಮಾತಾಡೋದಕ್ಕೆ ನಾನಿದೀನಿ. ಅವಳು ಬರೆದ್ರೆ ಸಾಕು."

ಅದು ನಿಜ. ನನ್ನ ದನಿ ನನ್ನ ಹಲ್ಲು ದಾಟಿ ಆಚೆ ಬಂದ ದಾಖಲೆಗಳು ಕಡಿಮೆ.

ಹೊರಡುವ ಹಿಂದಿನ ಭಾನುವಾರ ಚಿಕ್ಕಪ್ಪ ಎರಡು ಕೆಲಸ ಮಾಡಿದರು. ಮೊದಲನೆಯದು, ಟೈಲರಿಂದ ಖಾಕಿ ಕೋಟು ಹೊಲಿಸಿಕೊಂಡರು.

"ಅಣ್ಣಾ, ಭುಜಕ್ಕೆ ನಕ್ಷತ್ರ ಎಷ್ಟು ಇಡ್ಲಿ?" ಎಂದು ಟೈಲರ್ ಬೀದಿಯಿಂದಲೇ ಕೂಗಿದ.

"ಜಾಸ್ತಿ ಬೇಡಪ್ಪ, ಸುಮ್ನೆ ಆಡಂಬರ. ಎರಡೆರಡು ಸಾಕು."

ಎರಡನೆಯದು, ಟ್ರೇಲರಿನ ಮೇಲೆ ಕೂತಾಗ ಹದಿನೆಂಟಡಿ ಎತ್ತರವಾಗುವ ಆ ಟ್ರಾನ್ಸ್‌ಫಾರ್ಮರಿಗೆಂದೇ ಅಳೆದು ಕತ್ತರಿಸಿದ ಹೊಸ ಕೋಲನ್ನು ಜೀಪಿನ ಮೇಲೆ ಹಾಕಿಕೊಂಡು ಮನೆಗೆ ತಂದರು. ಕಂಪನಿಯ ಅಂಗಳದಲ್ಲಿ ಬಿಟ್ಟರೆ ಯಾರಾದರೂ ಒಂದಂಗುಲ ಕತ್ತರಿಸಿಬಿಟ್ಟಾರೆಂಬ ಭಯ. ಮನೆಯಲ್ಲಾದರೆ ನಾವೇ. ಎಣ್ಣೆ ಹಚ್ಚಿ, ಕಾಂಪೌಂಡಿನ ಪಕ್ಕ ಮಲಗಿಸಿದರು. ಅಲ್ಲಿ ಬಣ್ಣ ಬಳಿಯುವವರು ಬಿಟ್ಟುಹೋದ ಬಿದಿರುಗಳೂ ನಾಲ್ಕೈದು ಮಲಗಿದ್ದವು.

ಈಗ ನನ್ನ ಕೋಣೆಯ ಕಿಟಕಿಯ ವಿಷಯ. ಅದರ ಕೊಂಡಿ ಮುರಿದು, ಗಾಳಿ ಬಂದಾಗಲೆಲ್ಲ ಬಾಗಿಲು ದಢಾರ್ ಎನ್ನುತ್ತಿತ್ತು. ಅದಕ್ಕೊಂದು ಊರುಗೋಲು ಬೇಕಿತ್ತು. ಯಾರನ್ನಾದರೂ ಕೇಳುವುದೆಂದರೆ ಮಾತಾಡಬೇಕು. ಅದಕ್ಕಿಂತ ಗರಗಸ ಸುಲಭ. ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಕೆಳಗಿಳಿದು, ಇದ್ದ ಬಿದಿರುಗಳಲ್ಲಿ ನುಣ್ಣಗಿದ್ದ ಒಂದನ್ನು ಆರಿಸಿ, ಅದರ ಬುಡದಿಂದ ಒಂದು ಮೊಳ ಕತ್ತರಿಸಿಕೊಂಡು ಹೋದೆ. ಕೈಗೆ ಎಣ್ಣೆ ಅಂಟಿತು. ಬಣ್ಣದವರು ಎಷ್ಟು ಅಚ್ಚುಕಟ್ಟಿನವರು ಎಂದು ಅವತ್ತಿನ ಡೈರಿಯಲ್ಲಿ ಮೆಚ್ಚಿ ಬರೆದಿದ್ದೇನೆ.

ಸೋಮವಾರ ಬೆಳಿಗ್ಗೆ ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ಚಿಕ್ಕಪ್ಪ ನಕ್ಷತ್ರದ ಕೋಟು ತೊಟ್ಟು ಜೀಪು ಹತ್ತಿದರು. ಮೇಷ್ಟ್ರು ಸಲ್ಯೂಟ್ ಹೊಡೆದರು. ಚಿಕ್ಕಮ್ಮ, "ರೀ, ಆ ಮಗು ಊಟ ಮಾಡ್ತೋ ಇಲ್ವೋ ನೋಡಿ, ಅದು ಹಸಿವಾದ್ರೂ ಬಾಯಿಬಿಟ್ಟು ಹೇಳಲ್ಲ" ಎಂದರು. ಕಂಪನಿಯ ಅಂಗಳದಲ್ಲಿ ಕೋಲನ್ನು ಜೀಪಿಗೆ ಬಿಗಿದು, ಗಂಟೆ ಕಟ್ಟಿ, ನಾವು ಮುಂದೆ, ಟ್ರೇಲರ್ ಹಿಂದೆ, ಹೊರಟೆವು. ಟ್ರೇಲರಿನ ಸ್ಟೇರಿಂಗ್ ಹಿಡಿದವರನ್ನು ಎಲ್ಲರೂ ತಾತ ಎನ್ನುತ್ತಾರೆ. ಅವರು ಚಿಕ್ಕಪ್ಪನ ಕೈಯನ್ನು ಬಿಟ್ಟು ಬೇರೇನನ್ನೂ ನೋಡುವುದಿಲ್ಲ. ಕವೆಗೋಲಿನ ಇಬ್ಬರೂ ಒಬ್ಬರ ತಂಗಿಯನ್ನು ಇನ್ನೊಬ್ಬರು ಮದುವೆಯಾದವರು, ಹಾಗಾಗಿ ಇಬ್ಬರೂ ಪರಸ್ಪರ ಭಾವ.

ಮೊದಲ ಹಳ್ಳಿಯ ಬಾಯಲ್ಲಿ ರಸ್ತೆಗಡ್ಡ ಒಂದು ಕೇಬಲ್ ಟಿವಿ ವೈರಿತ್ತು. ನಮ್ಮ ಕೋಲು ಅದರಡಿ ಹಾಯಾಗಿ ದಾಟಿತು. ಗಂಟೆ ಸುಮ್ಮನಿತ್ತು. ಚಿಕ್ಕಪ್ಪ ಕನ್ನಡಿಯಲ್ಲಿ ಮೀಸೆ ನೋಡಿಕೊಳ್ಳುತ್ತ, ಹೊರಗೆ ಕೈಚಾಚಿ ಬಾ ಬಾ ಎಂದರು.

ಹಿಂದಿನಿಂದ 'ಪಟ್' ಎಂಬ ಸದ್ದು ಬಂತು.

ತಿರುಗಿ ನೋಡಿದರೆ ವೈರು ಟ್ರಾನ್ಸ್‌ಫಾರ್ಮರಿನ ಕೊರಳಿಗೆ ಸುತ್ತಿಕೊಂಡು, ಜೊತೆಗೆ ಯಾರದೋ ಮನೆಯ ಮೇಲಿದ್ದ ಡಬ್ಬಿಯನ್ನೂ ಎಳೆದುಕೊಂಡು ಬರುತ್ತಿತ್ತು. ಮನೆಗಳಿಂದ ಜನ ರಿಮೋಟು ಹಿಡಿದೇ ಹೊರಗೆ ಬಂದರು.

"ಯಾವೋನಲೇ ಅವ್ನು! ಸೊಸೆ ಬಾಗಿಲು ತೆಗಿಯೋ ಹೊತ್ತಿಗೆ ಸರಿಯಾಗಿ ಹೋಯ್ತು!" ಎಂದು ಒಬ್ಬ ಅಜ್ಜಿ ಧಾರಾವಾಹಿಯ ಅರ್ಧವನ್ನು ನಮಗೆ ತಿಳಿಸಿದರು.

ಚಿಕ್ಕಪ್ಪ ಜೀಪಿನಿಂದ ಇಳಿದು ವೈರನ್ನು ನೋಡಿದರು, ಕೋಲನ್ನು ನೋಡಿದರು, ಮತ್ತೆ ವೈರನ್ನು ನೋಡಿದರು. ಅವರ ಮುಖ ಬಿಳಿಚಿತ್ತು. "ಗಂಟೆ ಹೊಡೀಲಿಲ್ಲ" ಎಂದರು. ಆಮೇಲೆ ಇನ್ನೂ ಜೋರಾಗಿ, "ಗಂಟೆ ಹೊಡೀಲಿಲ್ಲ ಅಂದ್ಮೇಲೆ ವೈರಿಗೆ ತಾಗಿಲ್ಲ. ನಾನು ದಾಟಿದ ಮೇಲೆ ಇದು ಜೋತು ಬಿದ್ದಿದೆ."

ಕೇಬಲ್ಲಿನವನು ಬೈಕಿನಲ್ಲಿ ಬಂದ. ಭುಜದ ನಕ್ಷತ್ರ ಕಂಡು ಮೆತ್ತಗಾದ. "ಸಾರ್, ಬೆಳಿಗ್ಗೆ ತಾನೇ ಬಿಗಿದಿದ್ದೆ ಸಾರ್."

"ಬಿಗಿದಿದ್ರೆ ಜೋತು ಬೀಳ್ತಿತ್ತಾ?"

"ಇಲ್ಲ ಸಾರ್."

"ಬಿತ್ತಲ್ಲ?"

"ಹೌದು ಸಾರ್. ತಪ್ಪಾಯ್ತು ಸಾರ್."

ಆಗಲೇ ನನ್ನ ಕಣ್ಣು ಕೋಲಿನ ಬುಡಕ್ಕೆ ಹೋಯಿತು. ಕತ್ತರಿಸಿದ ಬಾಯಿ ಹೊಸದಾಗಿ ಬೆಳ್ಳಗಿತ್ತು, ಒಂದು ಕಡೆ ಸ್ವಲ್ಪ ಓರೆಯಾಗಿತ್ತು. ಗರಗಸ ಹಿಡಿದಾಗ ನನ್ನ ಕೈ ಹೋಗುವುದೇ ಓರೆ.

"ಚಿಕ್ಕಪ್ಪ..." ಎಂದೆ.

"ಬರಿ ಪುಟ್ಟಿ, ಬರಿ! ಎಲ್ಲ ಬರಿ!" ಎಂದು ಅವರು ಲಾಗ್ ಪುಸ್ತಕ ಕೈಗೆ ಕೊಟ್ಟು ಅಜ್ಜಿಯನ್ನು ಸಮಾಧಾನ ಮಾಡಲು ಹೋದರು.

ಸರಿ, ಬರೆದೆ. ಒಂದನೆಯ ಪುಟ: "ಹರಿದದ್ದು: ಕೇಬಲ್ ವೈರು. ಕಾರಣ: ಅಳತೆಯ ಕೋಲು ಒಂದು ಮೊಳ ಕಡಿಮೆ ಇದೆ. ನನ್ನ ಕೋಣೆಯ ಕಿಟಕಿಗೆಂದು ನಾನೇ ತಿಳಿಯದೆ ಕತ್ತರಿಸಿದ್ದೇನೆ. ದಯವಿಟ್ಟು ಗಾಡಿಯನ್ನು ಮುಂದೆ ಬಿಡಬೇಡಿ." ಎರಡು ಕೈಯಿಂದ ಚಿಕ್ಕಪ್ಪನ ಮುಂದೆ ಹಿಡಿದೆ.

"ಆಹಾ! ಏನು ದುಂಡು ಅಕ್ಷರ!" ಎಂದು ಚಿಕ್ಕಪ್ಪ ಸಹಿ ಹಾಕಿದರು. ಕೇಬಲ್ಲಿನವನು, "ಮುತ್ತು ಪೋಣಿಸಿದ ಹಾಗಿದೆ ಮೇಡಂ" ಎಂದು ಸಹಿ ಹಾಕಿದ. ಗಾಡಿ ಮುಂದೆ ಹೋಯಿತು.

ನಾಲ್ಕು ಮೈಲಿ ಹೋಗುವುದರೊಳಗೆ ಎರಡು ಮಾವಿನ ಕೊಂಬೆ, ಒಂದು ಟ್ಯೂಷನ್ನಿನ ಬ್ಯಾನರು, ಯಾರೋ ಮಹಡಿಯಿಂದ ಮಹಡಿಗೆ ಕಟ್ಟಿದ್ದ ಒಗೆದ ಬಟ್ಟೆಯ ಹಗ್ಗ ನಮ್ಮ ಪಾಲಾದವು. ಟ್ರಾನ್ಸ್‌ಫಾರ್ಮರಿನ ಒಂದು ಕೊಂಬಿನ ಮೇಲೆ ನೀಲಿ ಲುಂಗಿಯೊಂದು ಬಾವುಟದಂತೆ ಹಾರುತ್ತಿತ್ತು. ಪ್ರತಿ ಸಲವೂ ಗಂಟೆ ಸುಮ್ಮನಿತ್ತು. ಪ್ರತಿ ಸಲವೂ ಚಿಕ್ಕಪ್ಪ, "ಕೊಂಬೆ ಗಾಳಿಗೆ ಬಾಗಿದೆ," "ಹಗ್ಗ ಒದ್ದೆಯಾಗಿ ಇಳಿದಿದೆ" ಎಂದು ತೀರ್ಪು ಕೊಟ್ಟರು. ನಾನು ಒಂದೊಂದು ಸಲವೂ ಬಾಯಿ ತೆರೆದೆ. ಒಮ್ಮೆ ಹಾರ್ನು ಹೊಡೆಯಿತು, ಒಮ್ಮೆ ಲುಂಗಿಯ ಯಜಮಾನ ಹೊಡೆಯಲು ಬಂದ.

ಹನ್ನೊಂದು ಗಂಟೆಗೆ ಒಂದು ಸಣ್ಣ ಪಟ್ಟಣ. ಅಲ್ಲಿ ರಸ್ತೆಗಡ್ಡ ಕರೆಂಟಿನ ವೈರು. ಕೋಲು ದಾಟಿತು. ಚಿಕ್ಕಪ್ಪ ಬಾ ಎಂದರು. ಚಟಚಟ ಎಂದು ನೀಲಿ ಕಿಡಿ ಹಾರಿ, ಇಡೀ ಪಟ್ಟಣ ಒಮ್ಮೆಲೇ ಸದ್ದಡಗಿತು. ಹಿಟ್ಟಿನ ಗಿರಣಿ ನಿಂತಿತು, ಜೆರಾಕ್ಸ್ ಅಂಗಡಿ ನಿಂತಿತು, ಯಾರದೋ ಮನೆಯ ಮಿಕ್ಸಿ ಅರ್ಧ ಕೂಗಿ ಬಾಯಿ ಮುಚ್ಚಿತು. ಊರಿಗೆ ಕರೆಂಟು ತರಲೆಂದು ಹೊರಟ ಯಂತ್ರ ಹೋದಲ್ಲೆಲ್ಲ ಕರೆಂಟು ತೆಗೆಯುತ್ತಿತ್ತು.

ಕಟಿಂಗ್ ಶಾಪಿನಿಂದ ಕೊರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡ ಒಬ್ಬರು ಓಡಿ ಬಂದರು. ಬಲಗಡೆ ಮೀಸೆ ಇತ್ತು, ಎಡಗಡೆ ಇರಲಿಲ್ಲ. ಮಿಷನ್ನು ನಡುದಾರಿಯಲ್ಲಿ ನಿಂತಿತ್ತು. ಅವರು ಆ ಭಾಗದ ರಸ್ತೆ ಇಂಜಿನಿಯರ್. ಅವರ ಹಿಂದೆಯೇ ಕರೆಂಟು ಆಫೀಸಿನ ಆಫೀಸರ್ ಬಂದರು. ಅವರು ಕಿಡಿಯನ್ನು ಕಣ್ಣಾರೆ ಕಂಡು ಗರಬಡಿದವರಂತೆ ನಿಂತಿದ್ದರು.

"ಇಪ್ಪತ್ತು ವರ್ಷದಿಂದ ಒಂದೇ ಎತ್ತರದಲ್ಲಿದೆ ಈ ವೈರು" ಎಂದರು ಆಫೀಸರ್ ಉಸಿರು ಬಂದ ಮೇಲೆ. "ವೈರು ಇಳಿದಿಲ್ಲ. ರಸ್ತೆ ಎದ್ದಿದೆ. ಹೋದ ತಿಂಗಳು ನೀವು ಡಾಂಬರು ಹಾಕಿದ್ರಲ್ಲ?"

ಅರ್ಧ ಮೀಸೆಯವರು ಹೌಹಾರಿದರು. "ಡಾಂಬರಾ? ಅದು ಬೆರಳುಗಾತ್ರಾನೂ ಇಲ್ಲ ಸ್ವಾಮಿ! ಮಳೆ ಬಂದ್ರೆ ತೊಳ್ಕೊಂಡು ಹೋಗುತ್ತೆ!" ಎಂದವರು, ಜನ ಕೇಳುತ್ತಿದ್ದಾರೆಂದು ಹೊಳೆದು, "ಅಂದ್ರೆ, ಗುಣಮಟ್ಟ ಚೆನ್ನಾಗಿದೆ" ಎಂದರು. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ನಿಮ್ಮ ಕಂಬ ವಾಲಿದೆ, ನೋಡಿ!"

"ಕಂಬ ವಾಲಿಲ್ಲ, ನಿಮ್ಮ ಮೀಸೆ ವಾಲಿದೆ."

ಜನ ಎರಡು ಪಕ್ಷವಾದರು. ತಾತ ಟ್ರೇಲರಿನಿಂದ ತಲೆ ಹೊರಹಾಕಿ, "ಬಿಸಿಲಿಗೆ ಕಬ್ಬಿಣ ಹಿಗ್ಗುತ್ತೆ" ಎಂದು ಒಂದೇ ಮಾತು ಹೇಳಿ ತಲೆ ಒಳಗೆಳೆದುಕೊಂಡರು. ಆ ಮಾತು ಚಿಕ್ಕಪ್ಪನಿಗೆ ನಾಟಿತು.

"ಅದೇ! ಅದೇ ಇರ್ಬೇಕು! ವೈರೂ ಸರಿ, ರಸ್ತೇನೂ ಸರಿ, ಕೋಲಂತೂ ಸರಿಯೇ ಸರಿ. ಟ್ರಾನ್ಸ್‌ಫಾರ್ಮರ್ ಬೆಳೆದಿದೆ!"

ನೂರಿಪ್ಪತ್ತು ಟನ್ನಿನ ಕಬ್ಬಿಣ ಬೆಳೆದಿದೆ ಎಂದು ಕೇಳಿ ಪಟ್ಟಣ ಬಾಯಿಬಿಟ್ಟು ಮೇಲೆ ನೋಡಿತು. "ಇನ್ನೂ ಬೆಳೆಯುತ್ತಾ?" ಎಂದು ಯಾರೋ ಕೇಳಿದರು. ಮುಂದೆ ನಿಂತಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು.

ನಾನು ಜೀಪಿನ ಬಾನೆಟ್ಟಿನ ಮೇಲೆ ಪುಸ್ತಕವಿಟ್ಟು ಎರಡನೆಯ ಪುಟ ಬರೆದೆ. ಈ ಸಲ ದೊಡ್ಡಕ್ಷರ, ಕೆಳಗೆ ಗೆರೆ: "ಟ್ರಾನ್ಸ್‌ಫಾರ್ಮರ್ ಬೆಳೆದಿಲ್ಲ. ರಸ್ತೆ ಎದ್ದಿಲ್ಲ. ಕೋಲು ಒಂದು ಮೊಳ ಕಡಿಮೆ ಇದೆ. ಒಮ್ಮೆ ಅಳೆದು ನೋಡಿ." ಅಂಜುತ್ತ ಅಧಿಕಾರಿಗಳ ನಡುವೆ ಚಾಚಿದೆ.

ರಸ್ತೆ ಇಂಜಿನಿಯರ್, ತಮ್ಮ ತಪ್ಪೆಂದು ಬರೆದಿರಬಹುದೆಂಬ ಅನುಮಾನದಿಂದ, "ಇದರಲ್ಲಿ ರಸ್ತೆ ಎದ್ದಿದೆ ಅಂತ ಇದೆಯೇನಮ್ಮಾ?" ಎಂದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಸಹಿ ಹಾಕಿದರು. ಆಫೀಸರ್, "ವೈರು ಇಳಿದಿದೆ ಅಂತ?" ಎಂದರು. ಅದಕ್ಕೂ ತಲೆಯಾಡಿಸಿದೆ. ಸಹಿ ಹಾಕಿ ಸೀಲು ಹೊಡೆದರು. "ನನ್ನ ಮಗನ ಅಕ್ಷರ ಕೋಳಿ ಕೆರೆದ ಹಾಗಿದೆ ಕಣಮ್ಮ. ಇದನ್ನ ಫೋಟೋ ತಕ್ಕೊಂಡು ತೋರಿಸ್ತೀನಿ" ಎಂದು ಫೋಟೋ ಕೂಡ ತೆಗೆದುಕೊಂಡರು.

ಅಷ್ಟರಲ್ಲಿ ಬಿಳಿ ಕಾರು ಬಂದು ನಿಂತಿತು. ಮ್ಯಾನೇಜರ್. ಒಂದೇ ಸಮನೆ ಬಂದ ದೂರಿನ ಕರೆಗಳಿಂದ ಅವರ ಫೋನು ಕಿವಿಗೆ ಅಂಟಿಹೋದಂತಿತ್ತು. ಆಗಲೂ ಯಾರೋ ಅವರಿಗೆ ಲುಂಗಿಯ ಬಗ್ಗೆ ಹೇಳುತ್ತಿದ್ದರು.

"ಕೋಲಣ್ಣಾ!" ಎಂದರು, ಫೋನನ್ನು ಅಂಗೈಯಿಂದ ಮುಚ್ಚಿ. "ಏನ್ರೀ ಇದು?"

"ಸಾರ್, ಗಂಟೆ ಹೊಡೀಲಿಲ್ಲ ಸಾರ್. ಹತ್ತೊಂಬತ್ತು ವರ್ಷದಲ್ಲಿ ಒಂದು ವೈರು ಹರಿದಿಲ್ಲ ಸಾರ್ ನಾನು."

"ಇನ್ನೊಂದು ಹರಿದ್ರೆ ಇಲ್ಲಿಂದಲೇ ಬಸ್ಸು ಹತ್ತಿಸ್ತೀನಿ. ಆ ಇಬ್ಬರು ಭಾವಂದಿರು ಏನ್ ಮಾಡ್ತಿದಾರೆ, ನೆರಳಲ್ಲಿ? ಮೇಲೆ ಹತ್ತಿಸಿ! ಹೊರೆ ಮೇಲೇ ಕೂತು ಬರಲಿ. ಹಿಂದೆ ಏನೇನು ಹರೀತು ಅಂತ ನೋಡ್ತಾ ಇರಲಿ, ಪಟ್ಟಿ ಮಾಡಬೇಕು."

ಭಾವಂದಿರು ಟ್ರಾನ್ಸ್‌ಫಾರ್ಮರಿನ ಮುಂತುದಿಯ ಮೇಲೆ, ಹಿಂದಕ್ಕೆ ಮುಖ ಮಾಡಿ, ಚಕ್ಕಳಮಕ್ಕಳ ಹಾಕಿ ಕೂತರು. ಒಬ್ಬರು ಕೊಂಬಿಗೆ ಸಿಕ್ಕಿದ್ದ ಆ ನೀಲಿ ಲುಂಗಿಯನ್ನು ಬಿಡಿಸಿ ನೆರಳಿಗೆ ತಲೆಗೆ ಹಾಕಿಕೊಂಡರು.

ನಾನು ಮೂರನೆಯ ಪುಟ ಕೆಂಪು ಇಂಕಿನಲ್ಲಿ ಬರೆದೆ. ಮೇಲ್ಗಡೆ "ದಯವಿಟ್ಟು ಇದನ್ನು ಓದಿ" ಎಂದು ಬರೆದು ಸುತ್ತ ಚೌಕ ಹಾಕಿದೆ. ಮ್ಯಾನೇಜರ್ ಫೋನಿನಲ್ಲಿ, "ಲುಂಗಿ ಯಾವ ಬಣ್ಣ?" ಎಂದು ಕೇಳುತ್ತಲೇ ಸಹಿ ಹಾಕಿ, ಹೆಬ್ಬೆರಳೆತ್ತಿ ಅಕ್ಷರವನ್ನು ಮೆಚ್ಚಿದರು.

ಪಟ್ಟಣ ದಾಟಿ ಎರಡು ಮೈಲಿಗೆ ರೈಲು ಸೇತುವೆ. ರಸ್ತೆ ಅದರಡಿಯಲ್ಲಿ ಹಾದು ಹೋಗುತ್ತದೆ. ಎತ್ತರ ಬರೆದ ಬೋರ್ಡಿನ ಮೇಲೆ ಟ್ಯೂಷನ್ನಿನವರು ಪೋಸ್ಟರು ಅಂಟಿಸಿದ್ದರು. ಕಾಣುತ್ತಿದ್ದ ಅಂಕಿಯಿಂದ ಅದು ಹತ್ತನೇ ಕ್ಲಾಸಿನ ಎತ್ತರವೆಂದಷ್ಟೇ ತಿಳಿಯುತ್ತಿತ್ತು. ವೈರಾದರೆ ಹರಿಯುತ್ತದೆ. ಇದು ಕಾಂಕ್ರೀಟು.

ಚಿಕ್ಕಪ್ಪ ಜೀಪು ನಿಧಾನ ಮಾಡಿದರು. "ಹೋದ ವರ್ಷ ಇಂಥದ್ದೇ ಇನ್ನೊಂದು ತಂದಾಗ ಇಲ್ಲಿ ಗಂಟೆ ಬಾಯಿ ಬಡ್ಕೊಂಡಿತ್ತು ಪುಟ್ಟಿ. ಟ್ರೇಲರಿನ ಬೆನ್ನು ಒಂದಡಿ ಇಳಿಸಿ ದಾಟಿಸಿದ್ವಿ. ಇಳಿಸೋಕೆ, ಏರಿಸೋಕೆ ಒಂದೂವರೆ ಗಂಟೆ ಹೋಗಿತ್ತು." ಜೀಪು ಸೇತುವೆಯ ಅಡಿಗೆ ಹೋಯಿತು. ಕೋಲಿನ ತುದಿ ಕಾಂಕ್ರೀಟಿಗಿಂತ ನಾಲ್ಕು ಬೆರಳು ಕೆಳಗೆ, ರೇಷ್ಮೆಯಂತೆ ದಾಟಿತು. ಗಂಟೆ ಉಸಿರೆತ್ತಲಿಲ್ಲ.

ಚಿಕ್ಕಪ್ಪನ ಮುಖ ಬೆಳಿಗ್ಗೆಯಿಂದ ಮೊದಲ ಸಲ ಅರಳಿತು. "ನೋಡಿದ್ಯಾ! ರೈಲಿನವರು ಸೇತುವೆ ಎತ್ತರ ಮಾಡಿದಾರೆ! ಒಂದು ಮಾತು ಹೇಳಬಾರದಾ ಇವರು?"

ಅವರು ಹೊರಗೆ ಕೈ ಚಾಚಿ, ಬಾ ಬಾ ಎಂದರು. ತಾತ ಕೈಯನ್ನು ನೋಡಿದರು. ತೊಂಬತ್ತಾರು ಚಕ್ರಗಳು ಉರುಳಿದವು. ಮೇಲೆ ಇಬ್ಬರು ಭಾವಂದಿರು ಸೇತುವೆಗೆ ಬೆನ್ನು ಹಾಕಿ ಕೂತು, ಯಾರ ತಂಗಿ ಯಾರ ಮನೆಯಲ್ಲಿ ಹೆಚ್ಚು ಕಷ್ಟಪಟ್ಟಳೆಂದು ವಾದಿಸುತ್ತಿದ್ದರು. ಅವರ ಬೆನ್ನ ಹಿಂದೆ ಕಾಂಕ್ರೀಟಿನ ಅಂಚು ಹತ್ತಿರವಾಯಿತು. ಇಷ್ಟು. ಇಷ್ಟು. ಇಷ್ಟೇ.

"ನಿಲ್ಸೀ...!"

ಆ ಕೂಗು ಎಲ್ಲಿಂದ ಬಂತೆಂದು ಮೊದಲು ನನಗೇ ತಿಳಿಯಲಿಲ್ಲ. ಸೇತುವೆಯಡಿಯ ಗವಿಯಲ್ಲಿ ಅದು ನಾಲ್ಕು ಸಲ ಗಿರಕಿ ಹೊಡೆದು, ಎಂಟು ಜನ ಹೆಂಗಸರು ಕೂಗಿದಂತೆ ಹೊರಬಂತು. ಸೇತುವೆಯ ಪಾರಿವಾಳಗಳೆಲ್ಲ ಎದ್ದವು. ತಾತ ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ, ಚಿಕ್ಕಪ್ಪನ ಕೈ ಬಾ ಎನ್ನುತ್ತಿದ್ದಂತೆಯೇ, ಬ್ರೇಕು ಒತ್ತಿದರು. ಚಕ್ರಗಳು ಕಿರ್ರೆಂದು ನಿಂತವು.

ಚಿಕ್ಕಪ್ಪ ನನ್ನನ್ನೇ ನೋಡುತ್ತಿದ್ದರು. "ಪುಟ್ಟಿ," ಎಂದರು, "ನಿಂಗೆ ದನಿ ಇದೆಯಾ?"

ಮೇಲಿದ್ದ ಒಬ್ಬ ಭಾವ, ಗಾಡಿ ಯಾಕೆ ನಿಂತಿತೆಂದು ತಿರುಗಿದವನು ಮೂಗನ್ನು ಸೇತುವೆಗೆ ಜಜ್ಜಿಕೊಂಡ. "ಯಾರೋ ಗೋಡೆ ತಂದಿಟ್ಟಿದಾರೆ ಭಾವಾ!" ಎಂದ. ಇನ್ನೊಬ್ಬ ತಿರುಗಿ, ಕಾಂಕ್ರೀಟಿನ ಅಂಚನ್ನು ಕೈಯಿಂದ ಮುಟ್ಟಿ, ತನ್ನ ಸೊಂಟವನ್ನು ಮುಟ್ಟಿ, ಎರಡೂ ಒಂದೇ ಮಟ್ಟದಲ್ಲಿವೆಯೆಂದು ತಿಳಿದು, ಲುಂಗಿಯಿಂದ ಮುಖ ಮುಚ್ಚಿಕೊಂಡ. ನಡುವೆ ಉಳಿದಿದ್ದದ್ದು ಒಂದು ಗೇಣು.

ಮ್ಯಾನೇಜರ್ ಓಡಿ ಬಂದರು. ಜಗಳ ಮುಗಿಯದ ಇಬ್ಬರು ಅಧಿಕಾರಿಗಳೂ ಅದನ್ನು ಮುಂದುವರಿಸಲು ಒಂದೇ ಜೀಪಿನಲ್ಲಿ ಹಿಂದೆ ಬಂದಿದ್ದರು, ಅವರೂ ಓಡಿ ಬಂದರು. ಎಲ್ಲರೂ ಒಮ್ಮೆಲೇ ಏನು ಏನು ಎಂದರು. ನನ್ನಲ್ಲಿದ್ದ ದನಿಯೆಲ್ಲ ಒಂದೇ ಪದಕ್ಕೆ ಖರ್ಚಾಗಿತ್ತು. ಲಾಗ್ ಪುಸ್ತಕ ತೆರೆದು, ಮೂರನೆಯ ಪುಟದ ಕೆಂಪು ಚೌಕದ ಮೇಲೆ ಬೆರಳಿಟ್ಟು, ಮ್ಯಾನೇಜರ ಮೂಗಿನ ಮುಂದೆ ಹಿಡಿದೆ.

ಅವರು ಗಟ್ಟಿಯಾಗಿ ಓದಿದರು. "ದಯವಿಟ್ಟು ಇದನ್ನು ಓದಿ. ಕೋಲು ಒಂದು ಮೊಳ ಕಡಿಮೆ ಇದೆ. ಹೊರೆಯ ಮೇಲೆ ಜನರನ್ನು ಕೂರಿಸಬೇಡಿ. ಕೋಲನ್ನು ಕತ್ತರಿಸಿದ್ದು ಕೋಲಣ್ಣನವರ ಅಣ್ಣನ ಮಗಳಾದ ನಾನು."

ಚಿಕ್ಕಪ್ಪ ಜೀಪಿನಿಂದ ಕೋಲನ್ನು ಬಿಚ್ಚಿ, ನೆಲದ ಮೇಲೆ ಮಲಗಿಸಿ, ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆಯುತ್ತ ಅದರ ಉದ್ದಕ್ಕೂ ಮಂಡಿಯಲ್ಲೇ ಹೋದರು. ತುದಿ ಮುಟ್ಟಿದಾಗ ಎದ್ದೇಳಲಿಲ್ಲ.

"ಹನ್ನೊಂದೂಕಾಲು ಮೊಳ ಇರ್ಬೇಕಿತ್ತು. ಹತ್ತೂಕಾಲೇ ಇದೆ." ಕೋಲನ್ನು ಸವರಿದರು. "ನಾನು ಇದರಿಂದ ಎಲ್ಲಾನೂ ಅಳೆದೆ. ಇದನ್ನ ಅಳೀಲಿಲ್ಲ."

"ಮುಗೀತು" ಎಂದರು ಮ್ಯಾನೇಜರ್. "ಕೋಟು ಬಿಚ್ಚಿ. ನಾಳೆಯಿಂದ ಮನೇಲಿರಿ. ಪುಸ್ತಕ ಕೊಡಮ್ಮ, ಈ ಪುಟಾನೇ ಸಾಕ್ಷಿ, ಮೇಲಿನವರಿಗೆ ಕಳಿಸ್ತೀನಿ."

ಚಿಕ್ಕಪ್ಪ ಕೋಟಿನ ಗುಂಡಿಗೆ ಕೈಹಾಕಿದರು. ಮೊದಲ ಗುಂಡಿ ಬಿಚ್ಚಿದರು. ಎರಡನೆಯದನ್ನು ಹಿಡಿದುಕೊಂಡರು.

"ಸೈನ್ ನೋಡಿ ಸಾರ್" ಎಂದೆ. ಈ ಸಲ ಸಣ್ಣ ದನಿ. ಆದರೆ ಎಲ್ಲರಿಗೂ ಕೇಳಿಸಿತು. ನನ್ನ ಬಾಯಿಂದ ಇನ್ನೇನು ಹೊರಡುತ್ತದೋ ಎಂದು ಅವರೆಲ್ಲ ಕಿವಿ ಮುಚ್ಚಿಕೊಳ್ಳಲು ಸಿದ್ಧರಾಗಿ ನಿಂತಿದ್ದರು.

ಮ್ಯಾನೇಜರ್ ಪುಟದ ಕೆಳಗೆ ನೋಡಿದರು. "ಮೇಲಿನದನ್ನು ಪೂರ್ತಿ ಓದಿ, ಸರಿಯೆಂದು ಒಪ್ಪಿದ್ದೇನೆ." ಅದರಡಿಯಲ್ಲಿ, ಸುಂದರವಾದ ಒಂದು ಬಾಲದೊಂದಿಗೆ, ಅವರದೇ ಸಹಿ. ಸೇತುವೆಗಿಂತ ಅರ್ಧ ಗಂಟೆ ಮುಂಚಿನ ಹೊತ್ತು ಹಾಕಿ.

ಅವರ ಮುಖದ ಬಣ್ಣ ಬದಲಾಗುವುದನ್ನು ಕಂಡು ಅರ್ಧ ಮೀಸೆಯ ಇಂಜಿನಿಯರ್ ಕುತ್ತಿಗೆ ಚಾಚಿದರು. ಹಿಂದಿನ ಪುಟ ತಿರುವಿದರು. ಓದಿದರು. ಇದ್ದ ಮೀಸೆಯೂ ಇಳಿಯಿತು. ಆಫೀಸರ್ ತಮ್ಮ ಸೀಲನ್ನು ಗುರುತು ಹಿಡಿದು, "ಅಯ್ಯಯ್ಯೋ, ನಾನು ಇದರ ಫೋಟೋ ಬೇರೆ ತೆಗೆದು ಮಗನಿಗೆ ಕಳಿಸಿದೀನಲ್ಲ!" ಎಂದು ಹಣೆ ಚಚ್ಚಿಕೊಂಡರು.

"ಈ ಪುಟ ಹರಿಬಹುದಲ್ವಾ?" ಎಂದರು ಇಂಜಿನಿಯರ್ ಪಿಸುಮಾತಿನಲ್ಲಿ.

"ನಂಬರು ಹಾಕಿದೆ" ಎಂದರು ಮ್ಯಾನೇಜರ್. "ನಾನೇ ಹಾಕಿಸಿದ್ದು."

ಮುಂದಿನ ಹತ್ತು ನಿಮಿಷ ಮೂವರು ದೊಡ್ಡ ಮನುಷ್ಯರು ಸೇತುವೆಯ ಕಂಬದ ಹಿಂದೆ ನಿಂತು ಮಾತಾಡಿದರು. ಕೋಲಣ್ಣನನ್ನು ತೆಗೆಯಬೇಕಾದರೆ ಕಾರಣ ಹೇಳಬೇಕು. ಕಾರಣ ಹೇಳಬೇಕಾದರೆ ಪುಸ್ತಕ ತೋರಿಸಬೇಕು. ಪುಸ್ತಕ ತೋರಿಸಿದರೆ, ಕೋಲು ಗಿಡ್ಡವೆಂದು ಓದಿ ಒಪ್ಪಿ ಸೀಲು ಹೊಡೆದ ಮೇಲೂ ಗಾಡಿ ಬಿಟ್ಟವರು ಯಾರೆಂದು ಕೇಳುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೋಲು ಆಗಲೇ ತುಂಡಾಗಿದ್ದರಿಂದ ಹಾವಿನ ಕಡೆಗೇ ಹೆಚ್ಚು ಗಮನ ಕೊಟ್ಟರು.

ಹೊರಗೆ ಬಂದು ಮ್ಯಾನೇಜರ್ ಹೇಳಿದರು. "ಬರ್ಕೊಳಮ್ಮಾ. ನಾಲ್ಕನೇ ಪುಟ. ಇಂದಿನ ಎಲ್ಲ ಘಟನೆಗಳಿಗೂ ಅಂತಿಮ ಕಾರಣ: ಬಿರುಗಾಳಿ."

ಅವತ್ತು ಒಂದು ಎಲೆಯೂ ಅಲ್ಲಾಡಿರಲಿಲ್ಲ. ಬರೆದೆ. ಮೂವರೂ ಈ ಸಲ ಮೂರು ಮೂರು ಸಲ ಓದಿ ಸಹಿ ಹಾಕಿದರು.

"ಹಾಗಾದ್ರೆ ನಾನು?" ಎಂದರು ಚಿಕ್ಕಪ್ಪ, ಗುಂಡಿ ಹಿಡಿದುಕೊಂಡೇ.

"ನೀವೇನು? ಬಿರುಗಾಳಿಗೆ ನೀವೇನು ಮಾಡೋಕಾಗುತ್ತೆ? ಕೋಟು ಹಾಕ್ಕೊಳ್ಳಿ."

ಇನ್ನು ಉಳಿದದ್ದು ಟ್ರೇಲರನ್ನು ಎಷ್ಟು ಇಳಿಸಬೇಕೆಂಬ ಲೆಕ್ಕ. ಮ್ಯಾನೇಜರ ಬೆಳಕಿನ ಡಬ್ಬಿಗೆ ಬ್ಯಾಟರಿ ಇರಲಿಲ್ಲ. ಚಿಕ್ಕಪ್ಪ ಬೇರೆ ಬಿದಿರನ್ನು ಮುಟ್ಟಲು ಒಪ್ಪಲಿಲ್ಲ. ಮನೆಗೆ ಫೋನು ಹೋಯಿತು. ಮೂರು ತಾಲ್ಲೂಕುಗಳ ವಾಹನಗಳು ಸಾಲಾಗಿ ಕಾಯುತ್ತಿದ್ದಂತೆ, ಟೈಲರಿನ ಸ್ಕೂಟರಿನ ಹಿಂದೆ ಕೂತು ಚಿಕ್ಕಮ್ಮ ಬಂದರು. ಕೈಯಲ್ಲಿ ನನ್ನ ಕಿಟಕಿಯ ಊರುಗೋಲು.

"ಇದನ್ನ ತೆಗೆದಿದ್ದೇ ತಡ, ಕಿಟಕಿ ಬಡ್ಕೊಂಡು ಗಾಜು ಪುಡಿಪುಡಿ ಆಯ್ತು" ಎಂದು ಅದನ್ನು ಚಿಕ್ಕಪ್ಪನ ಕೈಗಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಮಗೂ, ಊಟ ಆಯ್ತಾ?"

"ಇಲ್ಲ" ಎಂದೆ, ಸ್ಪಷ್ಟವಾಗಿ. ಚಿಕ್ಕಮ್ಮ ಬೆಚ್ಚಿ ಸ್ಕೂಟರು ಹಿಡಿದುಕೊಂಡರು.

ಮೂಳೆ ಮುರಿದವರಿಗೆ ಪಟ್ಟಿ ಕಟ್ಟುವಂತೆ ಚಿಕ್ಕಪ್ಪ ತುಂಡನ್ನು ಬುಡಕ್ಕೆ ಸೇರಿಸಿ, ಪಕ್ಕಕ್ಕೊಂದು ಕಬ್ಬಿಣದ ಪಟ್ಟಿಯಿಟ್ಟು ಕಟ್ಟಿದರು. ಜೀಪು ಹಿಂದೆ ಹೋಗಿ ಮತ್ತೆ ಸೇತುವೆಯಡಿಗೆ ಬಂತು. ಠಣ್! ಗಂಟೆ ಹೊಡೆಯಿತು. ಚಿಕ್ಕಪ್ಪ ಜೀಪು ನಿಲ್ಲಿಸಿ, ಬಿರುಗಾಳಿಯಿಂದಲೋ ಏನೋ, ಕಣ್ಣೊರೆಸಿಕೊಂಡರು. ಟ್ರೇಲರಿನ ಬೆನ್ನು ಒಂದಡಿ ಇಳಿಯಿತು. ಭಾವಂದಿರು ನಡೆದೇ ಸೇತುವೆ ದಾಟಿದರು. ಸಂಜೆ ಟ್ರಾನ್ಸ್‌ಫಾರ್ಮರ್ ತನ್ನ ಜಾಗ ಸೇರಿತು.

ಈಗ ನಮ್ಮ ಮನೆಯಲ್ಲಿ ಪೊರಕೆ, ಏಣಿ, ಕೊಡೆ, ಬಟ್ಟೆ ಒಣಹಾಕುವ ಕೋಲು, ಒಂದು ಗೇಣಿಗಿಂತ ಉದ್ದವಿರುವ ಪ್ರತಿಯೊಂದಕ್ಕೂ ಚೀಟಿ ಅಂಟಿಸಿದೆ: "ಕತ್ತರಿಸಬಾರದು." ನನಗೆ ಕಂಪನಿಯಲ್ಲೇ ಲಾಗ್ ಬರೆಯುವ ಕೆಲಸ ಸಿಕ್ಕಿದೆ. ನಾನು ಬೇರೆ ಕಡೆ ಹೋಗಿ ಮಾತಾಡಲು ಶುರುಮಾಡಿದರೆ ಕಷ್ಟವೆಂದು ಮ್ಯಾನೇಜರೇ ಕೊಡಿಸಿದ್ದು. ಚಿಕ್ಕಪ್ಪ ದಿನಾ ಹೊರಡುವ ಮುಂಚೆ ಕೋಲನ್ನು ಮೂರು ಸಲ ಅಳೆಯುತ್ತಾರೆ, ಮೊಣಕೈ ಕುಗ್ಗಿರಬಹುದೆಂದು ಟೇಪಿನಿಂದ ಮೊಣಕೈಯನ್ನೂ ಅಳೆಯುತ್ತಾರೆ. "ಮನುಷ್ಯ ಸುಳ್ಳು ಹೇಳ್ತಾನೆ, ಕೋಲೂ ಹೇಳುತ್ತೆ, ಬರೆದಿದ್ದು ಮಾತ್ರ ಓದಲೇಬೇಕು" ಎಂಬುದು ಈಗ ಊಟಕ್ಕೆ ಮುಂಚಿನ ಮತ್ತು ನಂತರದ ಮಾತು.

ಈ ಕಥೆಯಲ್ಲಿ ಅವರ ವಿಷಯ ಇರುವುದರಿಂದ, ಅಚ್ಚಿಗೆ ಕೊಡುವ ಮುಂಚೆ ಅವರು ಓದಲಿ ಎಂದು ಇಷ್ಟೂ ಹಾಳೆಗಳನ್ನು ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ಮೊದಲ ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, ತಲೆದೂಗಿದರು.

"ಆಹಾ! ಏನು ದುಂಡು ಅಕ್ಷರ ಪುಟ್ಟಿ! ಸೈನ್ ಎಲ್ಲಿ ಹಾಕ್ಲಿ?"

ಜಾಗ ತೋರಿಸಿದೆ.